ದೇವಕ್ಕನ ಗದ್ದ

ಹಿತ್ತಲ ಗೋಡೆಯ ಗೂಡಿನಲ್ಲಿದ್ದ ಅಂಗೈಯಗಲದ ಕನ್ನಡಿಯನ್ನು ದೇವಕ್ಕ ಆ ದಿನ ಮುಂಜಾನೆ ಬಚ್ಚಲಿಗೆ ಎಸೆಯುವುದೊಂದು ಬಾಕಿ ಇತ್ತು. ಕನ್ನಡಿಯದೇನೂ ತಪ್ಪಿರಲಿಲ್ಲ. ಒಂದು ಕಣ್ಣಿನ ಪೊರೆ ತೆಗೆಸಿ, ಇನ್ನೊಂದರ ಪೊರೆ ಬಲಿಯಲಿ ಎಂದು ಕಾಯುತ್ತಿರುವ ಮುದುಕಿಗೆ ಯಾವ ಕನ್ನಡಿ ತಾನೇ ಏನು ತೋರಿಸೀತು? ಆದರೆ ಸಿಟ್ಟು ಯಾರ ಮೇಲಾದರೂ ಬರಬೇಕಲ್ಲ. ಕಣ್ಣನ್ನು ಬೈದರೆ ಇದ್ದದ್ದೂ ಹೋದೀತು ಎಂದು ಅವಳು ಕನ್ನಡಿಯನ್ನೇ ಬೈದಳು.

ಅವಳು ಮಾಡಬೇಕಾಗಿದ್ದ ಕೆಲಸ ದೊಡ್ಡದಲ್ಲ. ಹಂಡೆಯ ಒಲೆಯ ಬೂದಿಯಲ್ಲಿ ಎರಡು ಬೆರಳು ಅದ್ದಿ, ಗದ್ದವನ್ನು ತಡವಿ, ಚುಚ್ಚಿದ್ದನ್ನು ಹಿಡಿದು ಚಕ್ಕನೆ ಕೀಳುವುದು. ಬೂದಿ ಇದ್ದರೆ ಬೆರಳು ಜಾರುವುದಿಲ್ಲ. ಮದುವೆಯಾಗಿ ಕೆಲವು ವರ್ಷಕ್ಕೆ ಗದ್ದದಲ್ಲಿ ಗಂಡಸರಂತೆ ಕೂದಲು ಮೊಳೆಯತೊಡಗಿದಾಗ ಅಕ್ಕ ಮಾಳವ್ವ ಹೇಳಿಕೊಟ್ಟ ವಿದ್ಯೆ ಅದು. ಅಕ್ಕನಿಗೂ ಈ ಕಾಟ ಇತ್ತು, ಅವರ ಅವ್ವನಿಗೂ ಇತ್ತು. ಅಂದಿನಿಂದ ದೇವಕ್ಕ ಕಾಗೆ ಕೂಗುವ ಮುಂಚೆ ಎದ್ದವಳೇ. ಮನೆಯವರು ಏಳುವ ಹೊತ್ತಿಗೆ ಅವಳ ಗದ್ದ ನುಣ್ಣಗಾಗಿರುತ್ತಿತ್ತು. ಗಂಡ ಮೈಲಾರಲಿಂಗಪ್ಪ ಬದುಕಿದ್ದಾಗ ದಿನಾ ನಡುಮನೆಯಲ್ಲಿ ನಿಂತು ಖೊಲ್ ಖೊಲ್ ಎಂದು ಕೆಮ್ಮಿಯೇ ಹಿತ್ತಲಿಗೆ ಬರುತ್ತಿದ್ದ. ಬೀಡಿಯ ಕೆಮ್ಮು ಎಂದು ದೇವಕ್ಕ ಅವನಿಗೆ ಕಷಾಯ ಕುಡಿಸಿದ್ದೇ ಕುಡಿಸಿದ್ದು. ಮಗ್ಗುಲಲ್ಲಿ ಮಲಗಿದ ಗಂಡನಿಗೂ ಗೊತ್ತಾಗದಂತೆ ಬಾಳಿದೆ ಎಂಬುದು ಅವಳ ಬದುಕಿನ ದೊಡ್ಡ ಹೆಮ್ಮೆಯಾಗಿತ್ತು. ಬೇರೆಯವರು ಬಂಗಾರ ಕೂಡಿಟ್ಟರೆ ಇವಳು ಈ ಗುಟ್ಟನ್ನು ಕೂಡಿಟ್ಟಳು.

ಈಗ ಕೈ ನಡುಗುತ್ತಿತ್ತು. ಬೆರಳಿಗೆ ಸಿಕ್ಕಿದ್ದು ಕೀಳುವಾಗ ಜಾರುತ್ತಿತ್ತು, ಕಿತ್ತೆ ಅಂದುಕೊಂಡದ್ದು ಮತ್ತೆ ಚುಚ್ಚುತ್ತಿತ್ತು. ಮೊದಲು ಚಹಾ ಕುದಿಯುವಷ್ಟು ಹೊತ್ತಿನಲ್ಲಿ ಮುಗಿಯುತ್ತಿದ್ದ ಕೆಲಸ ಈಗ ಹೊತ್ತೇರಿದರೂ ಮುಗಿಯುತ್ತಿರಲಿಲ್ಲ.

ಮನೆ ಇದ್ದದ್ದು ಧಾರವಾಡದ ಮಾಳಮಡ್ಡಿಯಲ್ಲಿ. ಮುಂದಿನ ಕೋಣೆಯಲ್ಲಿ ಮಗ ಕಲ್ಲೇಶನ ಹಿಟ್ಟಿನ ಗಿರಣಿ, ಅದರ ಪಕ್ಕದ ಪಡಸಾಲೆಯಲ್ಲಿ ಸೊಸೆ ಜಯಾಳ ಹೊಲಿಗೆ ಮಷೀನು. ಓಣಿಯ ಸೀರೆಗಳಿಗೆಲ್ಲ ಫಾಲ್ ಹಚ್ಚಿಕೊಡುವವಳು ಜಯಾಳೇ. ಗರಗದಿಂದ ಸೊಸೆಯಾಗಿ ಬಂದ ಹೊಸತರಲ್ಲಿ ಅವಳು ದೀಪಾವಳಿಗೆ ಎಣ್ಣೆಯ ಬಟ್ಟಲು ಹಿಡಿದುಕೊಂಡು ಬಂದು, "ಅತ್ತೀ, ಕೂಡ್ರಿ, ತಲಿಗೆ ಎಣ್ಣಿ ಹಚ್ಚತೇನಿ" ಎಂದಿದ್ದಳು. ಎಣ್ಣೆ ಹಚ್ಚುವವಳು ಹಣೆ ತಟ್ಟುತ್ತಾಳೆ, ಕೆನ್ನೆ ನೀವುತ್ತಾಳೆ, ಗದ್ದದವರೆಗೂ ಬರುತ್ತಾಳೆ. ದೇವಕ್ಕ ಗಾಬರಿಯಾಗಿ, "ಬ್ಯಾಡ, ನಾನ ಹಚ್ಕೋತೇನಿ" ಎಂದು ಬಟ್ಟಲು ಕಸಿದುಕೊಂಡಿದ್ದಳು. ಮರುವರ್ಷವೂ ಹಾಗೇ ಆಯಿತು. ಮೂರನೆಯ ವರ್ಷ ಜಯಾ ಕೇಳಲೇ ಇಲ್ಲ. ಆಮೇಲೆ ಅತ್ತೆ ಸೊಸೆಯರ ನಡುವೆ "ಚಾ ಆತೇನು", "ಆತ್ರಿ" ಇಷ್ಟೇ ಮಾತು. ಜಗಳವಿಲ್ಲ, ಸಲಿಗೆಯೂ ಇಲ್ಲ. ಸೊಸೆಗೆ ಸೊಕ್ಕು ಎಂದು ಅತ್ತೆ ತಿಳಿದಳು. ಸೊಸೆ ಏನು ತಿಳಿದಳೋ ಅತ್ತೆ ವಿಚಾರಿಸಲಿಲ್ಲ.

ಹೀಗೇ ಹೇಗೋ ನಡೆದುಹೋಗುತ್ತಿತ್ತೇನೋ. ಅಷ್ಟರಲ್ಲಿ ಅಮ್ಮಿನಬಾವಿಯಲ್ಲಿ ಅಕ್ಕ ಮಾಳವ್ವ ತೀರಿಕೊಂಡಳು.

ಲಕ್ವಾ ಹೊಡೆದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಳು ಮಾಳವ್ವ. ಮಕ್ಕಳು ಸೊಸೆಯಂದಿರು ಉಣಿಸಿದರು, ಮೀಯಿಸಿದರು, ಯಾವುದಕ್ಕೂ ಕೊರತೆ ಮಾಡಲಿಲ್ಲ. ಆದರೆ ಅವಳ ಕೈ ಬಿದ್ದುಹೋಗಿತ್ತು, ಬಾಯಿ ನಿಂತಿತ್ತು. ಗದ್ದದ ವಿಷಯ ಹೇಳುವವರು ಯಾರು? ಇವರ ಪೈಕಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಗೋಡೆಗೆ ಆನಿಸಿ, ಹಣೆಗೆ ವಿಭೂತಿ ಬಳಿದು, ಕೊರಳ ತುಂಬ ಹೂವು ಹಾಕಿ, ಊರೆಲ್ಲ ನೋಡುವಂತೆ ಕೂಡಿಸುತ್ತಾರೆ. ಮಣ್ಣಿಗೆ ಬಂದ ದೇವಕ್ಕ ಪಡಸಾಲೆಯ ಹೊಸ್ತಿಲು ದಾಟಿದವಳು ಅಲ್ಲೇ ನಿಂತುಬಿಟ್ಟಳು. ಚೆಂಡುಹೂವಿನ ಮಾಲೆಯ ಮೇಲೆ ಅಕ್ಕನ ಬಿಳಿಯ ಗಡ್ಡ ಬಂದು ಕೂತಿತ್ತು.

ಭಜನೆಯವರು ಏಕತಾರಿ ಮೀಟುತ್ತಿದ್ದರು. ಅವರ ಹಿಂದೆ ಕೂತ ಇಬ್ಬರು ಹೆಂಗಸರು ಸೆರಗು ಬಾಯಿಗೊತ್ತಿಕೊಂಡಿದ್ದರು, ಅಳುವುದಕ್ಕಲ್ಲ. "ಮುದುಕಿ ಅಲ್ಲಬೇ, ಥೇಟ್ ಸ್ವಾಮಿನ" ಎಂದದ್ದು ದೇವಕ್ಕನ ಕಿವಿಗೆ ಬಿತ್ತು. ಜೀವಮಾನವಿಡೀ ಬೂದಿಯಲ್ಲಿ ಬೆರಳದ್ದಿದ ಅಕ್ಕ, ಯಾರಿಗೂ ತೋರಿಸದೆ ಮುಚ್ಚಿಟ್ಟ ಅಕ್ಕ, ಊರೆಲ್ಲ ಬಂದ ದಿನವೇ ಹೀಗೆ ಕೂತಿದ್ದಳು. ಅಷ್ಟು ಮಂದಿಯ ನಡುವೆ ದೇವಕ್ಕ ಕೈ ಚಾಚುವುದಾದರೂ ಹೇಗೆ? ಮಾಲೆಯನ್ನು ಸ್ವಲ್ಪ ಮೇಲೆತ್ತಿ ಇಟ್ಟಳು. ಅದು ಮತ್ತೆ ಜಾರಿತು. ಅಂದು ಅವಳು ಅತ್ತದ್ದು ಅಕ್ಕ ಸತ್ತದ್ದಕ್ಕಿಂತ ಹೆಚ್ಚು ಆ ಗಡ್ಡಕ್ಕೆ. ಹೀಗೆಂದರೆ ಮಂದಿ ಛೀ ಅಂದಾರು, ಅನ್ನಲಿ. ತಾನೂ ಒಂದು ದಿನ ಹೀಗೇ ಕೂಡಬೇಕಲ್ಲ ಎಂಬ ಹೆದರಿಕೆ ಅಂದಿನಿಂದ ಅವಳ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು. ಸಾವಿಗೆ ಅವಳು ಅಂಜಲಿಲ್ಲ. ಸತ್ತ ಮೇಲೆ ಕೂಡುವುದಕ್ಕೆ ಅಂಜಿದಳು.

ಅದೇ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಟೀವಿಯಲ್ಲಿ ಧಾರಾವಾಹಿ ನಡೆದಾಗ ಕೆಳಗೆ ಹರಿಯುವ ಅಕ್ಷರಗಳ ಸಾಲು ಅವಳ ಕಣ್ಣಿಗೆ ಬಿತ್ತು. ನಾಲ್ಕನೇ ಇಯತ್ತೆಯವರೆಗೆ ಕಲಿತವಳು, ಓದಲು ಬರುತ್ತಿತ್ತು. ಅದು ಓಡುವ ವೇಗಕ್ಕೆ ಒಂದೊಂದು ಸುತ್ತಿಗೆ ಒಂದೊಂದು ಶಬ್ದ ಹಿಡಿದು ಪೂರ್ತಿ ಓದಿದಳು. ಮುಖದ ಮೇಲಿನ ಬೇಡವಾದ ಕೂದಲಿಗೆ ಲೇಸರ್ ಬೆಳಕಿನಿಂದ ಶಾಶ್ವತ ಪರಿಹಾರ, ವಿದ್ಯಾನಗರ, ಹುಬ್ಬಳ್ಳಿ. ಶಾಶ್ವತ! ದೇವಕ್ಕನಿಗೆ ಬೇಕಾದ ಶಬ್ದ ಅದೊಂದೇ. ಬದುಕಿರುವವರೆಗೆ ಅಷ್ಟೇ ಅಲ್ಲ, ಆಮೇಲೂ ಇರುವಂಥದ್ದು.

ಸೋಮವಾರ ನಡುರಾತ್ರಿಯೇ ಎದ್ದು, ತಡವಿ ತಡವಿ ಗದ್ದದಲ್ಲಿ ಒಂದೂ ಉಳಿಯದಂತೆ ಕಿತ್ತು, "ಮಠಕ್ಕ ಹೋಗಿ ಬರ್ತೇನಿ" ಎಂದು ಸುಳ್ಳು ಹೇಳಿ ಹುಬ್ಬಳ್ಳಿ ಬಸ್ಸು ಹತ್ತಿದಳು.

ಔಷಧಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿತ್ತು ದವಾಖಾನೆ. ಮುಖಕ್ಕೆ ಓಢಣಿ ಸುತ್ತಿಕೊಂಡ ಕಾಲೇಜು ಹುಡುಗಿಯರು ಸಾಲಾಗಿ ಕೂತಿದ್ದರು. ಹೆಸರು ಬರೆಯುವವಳು ದೇವಕ್ಕನನ್ನು ನೋಡಿ, "ಮೊಮ್ಮಗಳು ಎಲ್ಲ್ಯದಾಳ್ರಿ ಅಜ್ಜಿ?" ಎಂದಳು. "ಮೊಮ್ಮಗಳಿಗೆ ಏನಾಗೇತಿ? ಬಂದಾಕಿ ನಾನು" ಎಂದಳು ದೇವಕ್ಕ. ಆ ಹುಡುಗಿ ನಗಲಿಲ್ಲ, ಆದರೆ ನಗದೇ ಇರಲು ಪಟ್ಟ ಪಾಡು ಎಲ್ಲರಿಗೂ ಕಂಡಿತು.

ಡಾಕ್ಟರ್ ಶಮೀಮ ಚಿಕ್ಕ ವಯಸ್ಸಿನವಳು, ಮಾತು ಹುಬ್ಬಳ್ಳಿಯದು. ದೀಪ ಹಚ್ಚಿದ ಭೂತಗನ್ನಡಿ ಹಿಡಿದು ದೇವಕ್ಕನ ಗದ್ದ ನೋಡಿದಳು. "ಇಲ್ಲಿ ಏನೂ ಇಲ್ಲಲ್ರಿ ಅಜ್ಜಿ. ಎಲ್ಲಾ ಕಿತ್ತೀರಿ."

"ಕೀಳದ ಬರಾಕ ನಾಚಿಕಿ ಬರೂದಿಲ್ಲೇನವಾ?"

"ಕೀಳಬಾರದ್ರಿ. ಈ ಬೆಳಕು ಕೂದಲದ ಕರೀ ಬಣ್ಣಾ ಹಿಡಕೊಂಡು ಬೇರಿಗೆ ಇಳೀತೈತಿ, ಬೇರು ಸುಡತೈತಿ. ಬೇರ ಕಿತ್ತು ಒಗದ್ರ ಬೆಳಕು ಏನು ಹಿಡೀಬೇಕು? ಇನ್ನ ಒಂದು ತಿಂಗಳು ಕೈ ಹಚ್ಚಬ್ಯಾಡ್ರಿ. ನಾಚಿಕಿ ಆದ್ರ ಬ್ಲೇಡಿನಿಂದ ಬೋಳಿಸ್ಕೋರಿ, ನಡೀತೈತಿ. ಆದ್ರ ಕೀಳಬ್ಯಾಡ್ರಿ."

ಹೆಂಗಸಿನ ಮುಖಕ್ಕೆ ಬ್ಲೇಡು! ಅದೂ ಗಂಡ ಸತ್ತವಳ ಮುಖಕ್ಕೆ! ದೇವಕ್ಕ ಎದ್ದು ಬಿಡಬೇಕೆಂದುಕೊಂಡಳು. ಆದರೆ ಶಾಶ್ವತದ ಆಸೆ ಅವಳನ್ನು ಕುರ್ಚಿಗೆ ಅಂಟಿಸಿತು. ಅದಕ್ಕೂ ಡಾಕ್ಟರು ಕತ್ತರಿ ಇಟ್ಟಳು. ಒಂದೇ ಸಲಕ್ಕೆ ಮುಗಿಯುವುದಿಲ್ಲ, ತಿಂಗಳಿಗೊಮ್ಮೆ ಹಲವು ಸಲ ಬರಬೇಕು, ಬಿಸಿಲಿಗೆ ಹೋಗಬಾರದು, ಪೂರ್ತಿ ಹೋಗುತ್ತವೆಂದು ತಾನು ಮಾತು ಕೊಡುವುದಿಲ್ಲ, ಬಹಳಷ್ಟು ಕಡಿಮೆಯಾಗುತ್ತವೆ ಎಂದಳು.

"ಟೀವ್ಯಾಗ ಶಾಶ್ವತ ಅಂತ ಬರದಾರಲ್ಲ?"

"ಅದು ಬರದವರು ಬ್ಯಾರೇರಿ. ನಾ ಖರೇ ಹೇಳತೇನಿ. ಇನ್ನೊಂದು ಮಾತು, ಬಿಳಿ ಕೂದಲಕ್ಕ ಇದು ನಡೆಯೂದಿಲ್ಲ. ನಿಮ್ಮವು ಕರೀವೋ ಬಿಳೀವೋ?"

"ಕರೀವವಾ. ತಲಿ ಬೆಳ್ಳಗಾಗೇತಿ, ಇವಕ್ಕೇನು ಧಾಡಿ?" ಎಂದಳು ದೇವಕ್ಕ. ಸುಳ್ಳು ಹೇಳಲಿಲ್ಲ, ಹಾಗೆಂದೇ ನಂಬಿದ್ದಳು.

ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ, ದೇವಕ್ಕನ ಬೆರಳಿಗೆ ಎಂದೂ ಸಿಗದ ನಾಲ್ಕಾರು ಕರಿ ಕೂದಲು ಉಳಿದಿದ್ದವು. ತೊಗಲಿಗೆ ಒಗ್ಗುತ್ತದೋ ಇಲ್ಲವೋ ನೋಡಲು ಡಾಕ್ಟರು ಅವನ್ನೇ ಆರಿಸಿ ಸಣ್ಣಗೆ ಬೋಳಿಸಿದಳು. ಕಣ್ಣಿಗೆ ಕರಿ ಚಸ್ಮಾ ಕಟ್ಟಿ, ತಣ್ಣಗಿನ ಲೋಳೆ ಬಳಿದು, ಮಷೀನಿನ ಮೂತಿ ಇಟ್ಟಳು. ಚಟ್ ಎಂದಿತು. ರಬ್ಬರು ಎಳೆದು ಬಿಟ್ಟ ಹಾಗೆ. ಮತ್ತೆ ಚಟ್. ಒಲೆಗೆ ಕೂದಲು ಬಿದ್ದ ವಾಸನೆ ಮೂಗಿಗೆ ಬಂತು. ಮುಗಿದೇಹೋಯಿತು. ಹಚ್ಚಿಕೊಳ್ಳಲು ಮುಲಾಮು ಬರೆದುಕೊಟ್ಟು, ಇನ್ನೆರಡು ವಾರದಲ್ಲಿ ತಾವೇ ಉದುರುತ್ತವೆ ಎಂದು ಹೇಳಿ ಕಳಿಸಿದಳು. ಕೆಳಗಿನ ಅಂಗಡಿಯಲ್ಲಿ ಮುಲಾಮು ಕೊಂಡು, ಬಸ್‌ಸ್ಟ್ಯಾಂಡಿನಲ್ಲಿ ಕಲ್ಲುಸಕ್ಕರೆ ಕೊಂಡು ಅದೇ ಚೀಲಕ್ಕೆ ಹಾಕಿಕೊಂಡು, ಮನೆಗೆ ಬಂದು ಮಠದ ಪ್ರಸಾದವೆಂದು ಹಂಚಿದಳು. ಜಯಾ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು.

ಆ ತಿಂಗಳು ದೇವಕ್ಕ ಪಟ್ಟ ಪಾಡು ನಾಯಿಗೂ ಬೇಡ. ಬ್ಲೇಡು ಮುಟ್ಟಲಾರಳು, ಬೂದಿ ಮುಟ್ಟುವಂತಿಲ್ಲ, ಗದ್ದದಲ್ಲಿ ಮೊಳಕೆ ಏಳತೊಡಗಿದವು. ಹಲ್ಲುನೋವು ಎಂದು ನೆಪ ಹೇಳಿ ಕಿವಿಯಿಂದ ಕಿವಿಗೆ ಪಂಚೆಯ ತುಂಡು ಕಟ್ಟಿಕೊಂಡಳು. ಹಲ್ಲುನೋವು ಎಂದರೆ ಸುಮ್ಮನಿರುವ ಓಣಿಯೇ? ಒಬ್ಬರು ಲವಂಗ ತಂದರು, ಒಬ್ಬರು ಎಕ್ಕೆಯ ಹಾಲು ಹಚ್ಚು ಎಂದರು. ಕಲ್ಲೇಶ ಗಿರಣಿ ನಿಲ್ಲಿಸಿ ಬಂದು, "ನಡಿಬೇ ಯವ್ವಾ, ಹಲ್ಲಿನ ಡಾಕ್ಟರ ಕಡೆ ಹೋಗೂಣು, ಕೀಳಿಸಿ ಒಗದ್ರ ಮುಗೀತು" ಎಂದು ಗಂಟು ಬಿದ್ದ. "ಕೀಳಬಾರದಂತ ಹೇಳ್ಯಾರ!" ಎಂದು ದೇವಕ್ಕ ಕೂಗಿದಳು. ಯಾರು ಹೇಳಿದರು ಎಂದು ಅವನು ಕೇಳಿದಾಗ ಗೋಡೆಯ ಕಡೆ ತಿರುಗಿ ಮಲಗಿದಳು. ಜಯಾ ಮಾತ್ರ ಏನೂ ಕೇಳಲಿಲ್ಲ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಂದಿಟ್ಟಳು. ಗಟ್ಟಿ ರೊಟ್ಟಿ, ಹಸಿ ಮೆಣಸಿನಕಾಯಿ ತಿನ್ನುವ ಆಸೆಯನ್ನು ನುಂಗಿಕೊಂಡು ದೇವಕ್ಕ ಆ ಹಾಲುರೊಟ್ಟಿ ತಿಂದಳು.

ಇಷ್ಟೆಲ್ಲ ಸಹಿಸಿದ್ದು ಒಂದೇ ಕಾರಣಕ್ಕೆ. ದವಡೆಯ ಮೂಲೆಯ ಆ ಕರಿ ಕೂದಲು ಡಾಕ್ಟರು ಹೇಳಿದ ಹಾಗೇ ಒಂದು ದಿನ ಮುಖ ತೊಳೆಯುವಾಗ ಉದುರಿಬಿಟ್ಟಿದ್ದವು. ದೇವಕ್ಕ ಆ ಜಾಗವನ್ನು ಮತ್ತೆ ಮತ್ತೆ ತಡವಿದಳು. ಎಳೆ ಮಗುವಿನ ಕೆನ್ನೆಯಂತೆ ಇತ್ತು. ಇನ್ನು ಗದ್ದವೂ ಹೀಗೇ ಆಗುತ್ತದೆ, ಕೂಡಿಸುವವರು ಎಲ್ಲಿ ಬೇಕಾದರೂ ಕೂಡಿಸಲಿ, ನೋಡುವವರು ಕಣ್ತುಂಬ ನೋಡಲಿ ಎಂದು ಅವಳಿಗೆ ಮೊದಲ ಸಲ ನಿರುಮ್ಮಳವಾಯಿತು. ದೀಪ ಆರುವ ಮುಂಚೆ ಜೋರಾಗಿ ಉರಿಯುತ್ತದಂತೆ, ಆಸೆಯ ಕಥೆಯೂ ಅಷ್ಟೇ.

ಮತ್ತೆ ಹೋಗುವ ದಿನ ಹತ್ತಿರವಾದಾಗ, ಕಾಲೇಜಿಗೆ ಹೊರಟ ಮೊಮ್ಮಗಳು ಗೀತಾಂಜಲಿ ನೀರು ಕುಡಿಯಲು ಹಿತ್ತಲಿಗೆ ಬಂದಳು. ದೇವಕ್ಕ ಪಂಚೆಯ ಪಟ್ಟಿ ಬಿಚ್ಚಿ ಒಣಹಾಕಿದ್ದಳು, ಸೆರಗು ಹೊದೆಯಲು ಮರೆತಿದ್ದಳು. "ಅಜ್ಜೀ, ಗಿರಣ್ಯಾಗ ಹೋಗಿದ್ದೇನು? ಗದ್ದಕ್ಕೆಲ್ಲಾ ಹಿಟ್ಟು ಹತ್ತೇತಿ ನೋಡು" ಎಂದು ಹೇಳಿ ಹುಡುಗಿ ಓಡಿಹೋದಳು.

ದೇವಕ್ಕ ಗಿರಣಿಯ ಕಡೆ ಕಾಲಿಟ್ಟಿರಲಿಲ್ಲ. ಸೆರಗಿನಿಂದ ಗದ್ದ ಒರೆಸಿಕೊಂಡಳು, ಸೆರಗಿಗೆ ಏನೂ ಹತ್ತಲಿಲ್ಲ. ಬೂದಿ ಹಚ್ಚದೆ, ಉಗುರಿನಿಂದ ಹೇಗೋ ಒಂದನ್ನು ಹಿಡಿದು ಕಿತ್ತು, ರೊಟ್ಟಿಯ ಕರಿ ಹಂಚಿನ ಮೇಲೆ ಇಟ್ಟು ಬಗ್ಗಿ ನೋಡಿದಳು. ಹಂಚಿನ ಮೇಲೆ ಬಿದ್ದದ್ದು ಬಿಳಿಯ ಎಳೆ.

ಎಂದು ಬೆಳ್ಳಗಾದವು ಇವು? ಎಷ್ಟು ವರ್ಷವಾಯಿತು? ಅವಳಿಗೆ ಗೊತ್ತಾಗುವುದು ಹೇಗೆ? ಬೂದಿಗೈಯಿಂದ ಕಿತ್ತ ಕೂದಲು ಹರೆಯದಲ್ಲೂ ಬೂದಿಯ ಬಣ್ಣದ್ದೇ, ಮುಪ್ಪಿನಲ್ಲೂ ಬೂದಿಯ ಬಣ್ಣದ್ದೇ. ಬೂದಿ ಕೊಡವಿದರೆ ಒಳಗಿದ್ದದ್ದು ಕರಿಯದೇ ಎಂದು ಅವಳು ಒಂದು ದಿನವೂ ಅನುಮಾನಿಸಲಿಲ್ಲ. ಜಗತ್ತಿನ ಕಣ್ಣಿಗೆಲ್ಲ ಬೂದಿ ಎರಚಿದೆ ಎಂದು ಬೀಗಿದವಳ ಕಣ್ಣಿಗೇ ಬೂದಿ ಬಿದ್ದಿತ್ತು.

ಆದರೆ ದೇವಕ್ಕ ಅಷ್ಟಕ್ಕೇ ಸೋಲುವವಳಲ್ಲ. ಬೆಳಕಿಗೆ ಕರಿ ಬಣ್ಣ ಬೇಕು ತಾನೇ? ಕೊಟ್ಟರಾಯಿತು. ರವಿವಾರ ಕಲ್ಲೇಶ ತಲೆಗೆ ಡೈ ಹಚ್ಚಿಕೊಂಡು ಎದ್ದುಹೋದ ಮೇಲೆ ಬಟ್ಟಲಿನ ತಳದಲ್ಲಿ ಉಳಿದಿದ್ದನ್ನು ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ಗದ್ದಕ್ಕೆಲ್ಲ ಬಳಿದುಕೊಂಡಳು. ಕೈ ನಡುಗಿ ತುಟಿಯ ಕೆಳಗೂ ಕೊರಳಿಗೂ ಹತ್ತಿತು. ತೊಳೆದಳು, ಉಜ್ಜಿದಳು, ಕೂದಲಿಗಿಂತ ತೊಗಲೇ ಹೆಚ್ಚು ಕಪ್ಪಾಯಿತು. ಮುಂಜಾನೆಯ ಹೊತ್ತಿಗೆ ಗದ್ದ ಉರಿಯತೊಡಗಿತ್ತು. ಮುಖದ ತುಂಬ ಸೆರಗು ಹೊದ್ದು, "ಮಠಕ್ಕ" ಎಂದು ಹೇಳಿ ಬಸ್ಸು ಹತ್ತಿದಳು.

ಶಮೀಮ ಡಾಕ್ಟರು ಭೂತಗನ್ನಡಿ ಹಿಡಿದು ನೋಡಿ, ಒದ್ದೆ ಹತ್ತಿಯಿಂದ ಗದ್ದದ ಒಂದು ಕಡೆ ಒರೆಸಿದಳು.

"ಏನು ಹಚ್ಚೀರಿ ಅಜ್ಜಿ ಇದು?"

"ನಿಮಗ ಕರೀವು ಬೇಕಂದ್ರಿ. ಕರೀ ಮಾಡ್ಕೊಂಡು ಬಂದೇನಿ. ಹೂಂ, ಮಷೀನ ಇಡ್ರಿ."

"ಬಣ್ಣಾ ಹೊರಗಿಂದ ಹತ್ತೇತ್ರಿ. ಒಳಗ ಬೇರು ಬಿಳೀನ ಐತಿ, ಬೆಳಕು ಅದನ್ನ ಹಿಡಿಯೂದಿಲ್ಲ. ಈ ತೊಗಲಿನ ಮ್ಯಾಲೆ ಮಷೀನ ಇಟ್ರ ಕೂದಲ ಹೋಗೂದಿಲ್ಲ, ನಿಮ್ಮ ಮುಖಾ ಸುಡತೈತಿ. ಮೊದಲ ಕೇಳಿದ್ದೆ ನಾ, ಬಿಳೀವೇನಂತ."

"ನನಗೇನು ಗೊತ್ತಿತ್ತು!" ದೇವಕ್ಕನ ಧ್ವನಿ ಹೊರಗೆ ಕೂತವರಿಗೂ ಕೇಳಿಸಿತು. "ಒಂದು ತಿಂಗಳು ಬಾಯಿ ಕಟಗೊಂಡು ಕುಂತೇನಿ. ಹಲ್ಲು ಗಟ್ಟ್ಯಾಗಿದ್ದೂ ಹಾಲುರೊಟ್ಟಿ ತಿಂದೇನಿ. ಹರೇದ ಹುಡುಗ್ಯಾರಿಗೆ ಅಷ್ಟ ಐತೇನು ನಿಮ್ಮ ಮಷೀನು? ಅವರಿಗೆ ಕಣ್ಣು ಅದಾವ, ಕೈ ಅದಾವ, ತಾವ ಕಿತ್ಕೋತಾರ. ಕಣ್ಣು ಹೋದಾಕಿ, ಕೈ ನಡಗಾಕಿ, ನನಗ ಬೇಕಾಗಿತ್ತದು!"

ಡಾಕ್ಟರು ಭೂತಗನ್ನಡಿ ಕೆಳಗಿಟ್ಟಳು. ಸೂಜಿಯಿಂದ ಒಂದೊಂದೇ ಬೇರಿಗೆ ಕರೆಂಟು ಕೊಡುವ ಬೇರೆ ರೀತಿಯಿದೆ, ಅದು ಬಿಳಿಯವಕ್ಕೂ ನಡೆಯುತ್ತದೆ, ಆದರೆ ಇಲ್ಲಿಲ್ಲ, ಪುಣೆಗೆ ಹೋಗಬೇಕು, ವರ್ಷಗಟ್ಟಲೆ ಓಡಾಡಬೇಕು ಎಂದಳು. ಉರಿಗೆ ಮುಲಾಮು ಕೊಟ್ಟಳು, ದುಡ್ಡು ತೆಗೆದುಕೊಳ್ಳಲಿಲ್ಲ. ಕಡೆಗೆ ಮೆಲ್ಲಗೆ, "ಮನ್ಯಾಗ ಯಾರೂ ಇಲ್ಲೇನ್ರಿ ಅಜ್ಜಿ? ಸೊಸಿ, ಮೊಮ್ಮಗಳು? ಉರಿ ಕಡಿಮಿ ಆದ ಮ್ಯಾಲೆ ಚಿಮಟಿಗಿ ಹಿಡದು ವಾರಕ್ಕೊಮ್ಮೆ ತಗದ್ರ ಮುಗೀತಲ್ಲ" ಎಂದಳು.

ಮುಗಿಯಿತಂತೆ! ಬಸ್ಸಿನಲ್ಲಿ ದೇವಕ್ಕ ದಾರಿಯುದ್ದಕ್ಕೂ ಬೈದಳು. ಡಾಕ್ಟರನ್ನು ಬೈದಳು, ಟೀವಿಯಲ್ಲಿ ಬರೆದವರನ್ನು ಬೈದಳು, ಕರಿಯದನ್ನು ಮಾತ್ರ ಗುರುತಿಸುವ ಬೆಳಕನ್ನು ಬೈದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ತನ್ನ ತಪಸ್ಸು. ಯಾರಿಗೆ ಹೇಳುವುದು? ಯಾರ ಕೈಯಿಂದ ಎಣ್ಣೆಯ ಬಟ್ಟಲು ಕಸಿದುಕೊಂಡಿದ್ದಳೋ ಆ ಸೊಸೆಗೆ ಯಾವ ಬಾಯಿಂದ ಹೇಳುವುದು? ಕಿಟಕಿಯ ಗಾಳಿಗೆ ಸೆರಗು ಹಾರದಂತೆ ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಬಂತು. ಅದು ಗದ್ದಕ್ಕೆ ಇಳಿದು ಇನ್ನಷ್ಟು ಉರಿಯಿತು.

ಮನೆಗೆ ಬಂದವಳೇ ನೇರ ಹಿತ್ತಲಿಗೆ ಹೋಗಿ, ಕಲ್ಲಿನ ಮೇಲೆ ಕೂತು, ಕೊಬ್ಬರಿಎಣ್ಣೆ ಹಚ್ಚಿ ಗದ್ದ ಉಜ್ಜತೊಡಗಿದಳು. ಪಡಸಾಲೆಯಲ್ಲಿ ಹೊಲಿಗೆ ಮಷೀನಿನ ಸದ್ದು ನಿಂತಿತು. ತಿರುಗಿ ನೋಡುವಷ್ಟರಲ್ಲಿ ಜಯಾ ಬಾಗಿಲಲ್ಲಿದ್ದಳು.

"ಉಜ್ಜಬ್ಯಾಡ್ರಿ ಅತ್ತೀ. ತೊಗಲು ಕಿತ್ತು ಬಂದೀತು. ತೋರಸ್ರಿ ಇಲ್ಲೆ."

ದೇವಕ್ಕ ಸೆರಗೆಳೆದುಕೊಂಡಳು. "ಏನೂ ಇಲ್ಲ. ಹಲ್ಲುನೋವು. ಹೋಗು, ನಿನ್ನ ಕೆಲಸಾ ಮಾಡ್ಕೋ ಹೋಗು."

"ಹಲ್ಲುನೋವಿಗೆ ಡೈ ಹಚ್ಚತಾರೇನ್ರಿ?" ಜಯಾ ಹತ್ತಿರ ಬಂದು ಕೂತಳು. "ಮಠದ ಪ್ರಸಾದಾ ಔಷಧದ ಅಂಗಡಿ ಚೀಲದಾಗ ಬಂದಾಗ ಕೇಳಬೇಕಂತ ಮಾಡಿದ್ದೆ. ನಿಮಗ ಬ್ಯಾಸರಾದೀತಂತ ಸುಮ್ಮನಾದೆ."

"ಏನು ಗೊತ್ತೈತಿ ನಿನಗ?"

"ಎಲ್ಲಾ ಗೊತ್ತೈತ್ರಿ. ಈ ಮನಿಗೆ ಬಂದ ವರ್ಷಾನ ಗೊತ್ತಾತು. ಗೂಡಿನ್ಯಾಗ ಕನ್ನಡಿ, ಕನ್ನಡಿ ಮುಂದ ಬೂದಿ. ಮಾವಾರು ಬ್ಯಾರೆ ದಿನಾ ಮುಂಜಾನೆ ನಡುಮನ್ಯಾಗ ನಿಂತಿರತಿದ್ರು. ನಾ ಹಿತ್ತಲಕ್ಕ ಹೊಂಟ್ರ, 'ತಡಿಯವಾ, ನಿಮ್ಮತ್ತಿ ಅದಾಳ' ಅಂತ ಹೇಳಿ ಕೆಮ್ಮತಿದ್ರು. ಜೋರಾಗಿ, ನಿಮಗ ಕೇಳಲಿ ಅಂತ."

ದೇವಕ್ಕನ ಎಣ್ಣೆಗೈ ಹಾಗೇ ನಿಂತಿತು. ಕೆಮ್ಮು! ಅವನಿಗೆ ಕೆಮ್ಮೇ ಇರಲಿಲ್ಲವೇ? ಗೊತ್ತಿದ್ದೂ ಗೊತ್ತಿದ್ದೂ ಅಷ್ಟು ಕಹಿ ಕಷಾಯವನ್ನು ಒಂದು ಮಾತೂ ಆಡದೆ ಕುಡಿದನೇ ಆ ಮನುಷ್ಯ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ತಾನು ಬಾಳಿದ್ದು, ಮನೆಯವರೆಲ್ಲ ನೋಡುತ್ತ ನಿಂತದ್ದು! ಅವಳಿಗೆ ಸಮಾಧಾನವಾಗಲಿಲ್ಲ, ಮೈಯೆಲ್ಲ ಸಿಟ್ಟು ಬಂತು.

"ಎಲ್ಲಾರಿಗೂ ಗೊತ್ತಿತ್ತು! ಹಂಗಾರ ಕಾಗಿಗಿಂತ ಮೊದಲ ಎದ್ದು ಸತ್ತಾಕಿ ನಾ ಒಬ್ಬಾಕೀನ ಹುಚ್ಚಿ! ಒಂದು ಮಾತು ಹೇಳಬಾರದಾಗಿತ್ತೇನ ನೀನರ?"

"ನಾ ಹೆಂಗ ಹೇಳಲಿ?" ಜಯಾಳ ದನಿಯೂ ಏರಿತು. ಇಷ್ಟು ವರ್ಷದಲ್ಲಿ ಅತ್ತೆಯೆದುರು ಅವಳ ದನಿ ಏರಿದ್ದು ಇದೇ ಮೊದಲು. "ತಲಿಗೆ ಎಣ್ಣಿ ಹಚ್ಚಾಕ ಬಂದ್ರ ಬಟ್ಟಲಾ ಕಸಗೊಂಡ್ರಿ. ನನ್ನ ಕೈ ನಿಮಗ ಆಗಿ ಬರೂದಿಲ್ಲಂತ ತಿಳಕೊಂಡೆ. ಆ ವರ್ಷ ಬಚ್ಚಲದಾಗ ಕುಂತು ಅತ್ತೇನಿ. ಬೂದಿ ವಿಷಯಾ ಗೊತ್ತಿತ್ತು, ಬಟ್ಟಲಾ ಅದಕ್ಕ ಕಸಗೊಂಡ್ರಂತ ಇವತ್ತು ಹೊಳೀತು."

ಗಿರಣಿ ಮುಂದಿನ ಕೋಣೆಯಲ್ಲಿ ಗಡಗಡ ಎನ್ನುತ್ತಿತ್ತು. ಜಯಾ ಎದ್ದುಹೋಗಿ, ಹೊಲಿಗೆ ಬಿಚ್ಚುವಾಗ ದಾರ ಎಳೆಯುವ ಸಣ್ಣ ಚಿಮಟಿಗೆ ತಂದಳು. ಬೆಳಕು ಬೀಳುವ ಕಡೆ ಮಣೆ ಹಾಕಿ, ಅತ್ತೆಯ ಗದ್ದವನ್ನು ಹಿಡಿದು ಮೇಲೆತ್ತಿದಳು. ದೇವಕ್ಕ ತಡೆಯಲಿಲ್ಲ, ಆದರೆ ಕಣ್ಣು ಮುಚ್ಚಿಕೊಂಡಳು. ಬೇರೊಬ್ಬರ ಬೆರಳು ಅಲ್ಲಿ ಮುಟ್ಟಿದ್ದು ಅವಳಿಗೆ ನೆನಪೇ ಇರಲಿಲ್ಲ.

"ಉರಿ ಇದ್ದಲ್ಲೆ ಇವತ್ತು ಬ್ಯಾಡ. ಈ ಕಡೇವಷ್ಟ ತಗೀತೇನಿ" ಎಂದಳು ಜಯಾ. ನೂರಾರು ಸೀರೆಗಳಲ್ಲಿ ಎಳೆ ಹುಡುಕಿದ ಕಣ್ಣು ಅದು, ತಪ್ಪಲಿಲ್ಲ. ಒಂದು, ಇನ್ನೊಂದು, ಮತ್ತೊಂದು.

"ಮೆಲ್ಲಕ ಮಾಡು. ಫಾಲ್ ಬಿಚ್ಚಾಕತ್ತೀಯೇನು?" ಎಂದು ದೇವಕ್ಕ ಗದರಿದಳು. ಆಮೇಲೆ, ಕಣ್ಣು ತೆರೆಯದೆಯೇ, ಅಮ್ಮಿನಬಾವಿಯ ಪಡಸಾಲೆಯ ಮಾತು ತೆಗೆದಳು. ಚೆಂಡುಹೂವಿನ ಮಾಲೆ, ಸೆರಗಿನ ಹಿಂದೆ ನಕ್ಕವರು, ತಾನು ಮಾಲೆ ಎತ್ತಿ ಇಟ್ಟದ್ದು, ಅದು ಜಾರಿದ್ದು. ಹೇಳುತ್ತ ಹೇಳುತ್ತ ಜಯಾಳ ಮೊಣಕೈ ಹಿಡಿದುಕೊಂಡಳು.

"ಜಯಾ, ನಾ ಸತ್ತ ದಿನ ನೀ ಅಳಾಕ ಕೂಡಬ್ಯಾಡ. ಮೊದಲ ಇದನ್ನ ನೋಡು. ಆಮ್ಯಾಲೆ ಬೇಕಾದ್ರ ಅಳು."

ಚಿಮಟಿಗೆ ನಿಂತಿತು. ಜಯಾ ಮೂಗೊರೆಸಿಕೊಂಡ ಸದ್ದು ದೇವಕ್ಕನಿಗೆ ಕೇಳಿಸಿತು.

"ಬಾಗಲಾ ಹಾಕ್ಕೊಂಡು ಕೂಡತೇನ್ರಿ. ನೀವು ಛಂದ ಆಗೂತನಕಾ ಯಾರನ್ನೂ ಒಳಗ ಬಿಡೂದಿಲ್ಲ."

"ಕಲ್ಲೇಶನ್ನ?"

"ಅವರನ್ನೂ ಬಿಡೂದಿಲ್ಲ. ನಡುಮನ್ಯಾಗ ನಿಂತು ಕೆಮ್ಮಲಿ."

ದೇವಕ್ಕ ಕಣ್ಣು ತೆರೆದು ಸೊಸೆಯನ್ನು ನೋಡಿದಳು. ಮಬ್ಬಾಗಿ ಕಂಡ ಆ ಮುಖ ಅತ್ತಿತ್ತೋ ನಕ್ಕಿತ್ತೋ ತಿಳಿಯಲಿಲ್ಲ. ಹಿಡಿದಿದ್ದ ಮೊಣಕೈ ಬಿಟ್ಟು, ಗದ್ದವನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಕೊಟ್ಟಳು.

"ಹಂಗಾರ ಎಡಗಡೆ ನೋಡು," ಎಂದಳು. "ಅಲ್ಲೊಂದು ಬಿಟ್ಟೀ. ಚುಚ್ಚತೈತಿ."